ಚಳಿಗಾಲದ ಅಲೆ, ಬ್ಯಾಟರಿಯ ಬಿಸಿ



ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಯಾವುದಾದರೂ ಶನಿವಾರ ಬೆಳಗಿನ ಜಾವ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಿಂದ ಲಾಸ್ ಗೇಟೋಸ್ ದಾಟಿ, ಹೆದ್ದಾರಿ 17ರಲ್ಲಿ ಬೆಟ್ಟ ಹತ್ತುವ ಕಾರುಗಳನ್ನು ಗಮನಿಸಿ. ಎಷ್ಟೋ ಕಾರುಗಳ ಮೇಲೆ ಸರ್ಫ್ ಬೋರ್ಡು ಕಟ್ಟಿರುತ್ತದೆ. ಬೆಟ್ಟ ಇಳಿದರೆ ಸಾಂತಾ ಕ್ರೂಜ್, ಸ್ಯಾನ್ ಹೊಸೆಯಿಂದ ಸುಮಾರು ಐವತ್ತು ಕಿಲೋಮೀಟರ್. ಮೊದಲೆಲ್ಲ ಆ ಕಾರುಗಳಲ್ಲಿ ನಮ್ಮವರು ಕಾಣುತ್ತಿದ್ದುದು ಅಪರೂಪ. ಈಗ ಅಲ್ಲಿಯ ಕೌಲ್ಸ್ ಬೀಚಿನ ಮೆಟ್ಟಿಲ ಬಳಿ ನಿಂತರೆ ಕನ್ನಡ ಕಿವಿಗೆ ಬೀಳುತ್ತದೆ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಅಲೆಯ ಬೆನ್ನು ಹತ್ತಿದ್ದಾರೆ. ಅವರ ಹಿಂದೆ ಟವೆಲ್, ಫ್ಲಾಸ್ಕು, ಆತಂಕ ಮೂರನ್ನೂ ಹೊತ್ತುಕೊಂಡು ನಮ್ಮ ಅಪ್ಪ ಅಮ್ಮಂದಿರೂ ಬಂದಿರುತ್ತಾರೆ.

ಈಚೆಗೆ ಸನ್ನಿವೇಲ್‌ನ ತಾಯಿಯೊಬ್ಬರು ನನಗೆ ಫೋನು ಮಾಡಿದ್ದರು. ಮಗನಿಗೆ ಹದಿನಾರು. ಹೋದ ಸಲ ಕ್ರಿಸ್‌ಮಸ್ ರಜೆಗೆ ಊರಿಗೆ ಹೋದಾಗ ಮೂಲ್ಕಿಯಲ್ಲಿ ಸರ್ಫಿಂಗ್ ಕಲಿತು ಬಂದಿದ್ದಾನೆ. ಈ ಚಳಿಗಾಲ ಗೆಳೆಯರ ಜೊತೆ ಸಾಂತಾ ಕ್ರೂಜ್‌ನಲ್ಲಿ ನೀರಿಗೆ ಇಳಿಯುತ್ತೇನೆಂದು ಹಟ ಹಿಡಿದಿದ್ದಾನೆ. "ಅಣ್ಣಾ, ಬ್ಯಾಟರಿಯಿಂದ ಬಿಸಿ ಆಗೋ ವೆಸ್ಟ್ ಬಂದಿದೆಯಂತಲ್ಲ, ಅದೊಂದು ಕೊಡಿಸಿಬಿಟ್ರೆ ಧೈರ್ಯವಾಗಿ ಕಳಿಸಬಹುದಾ?" ಎಂದು ಕೇಳಿದರು. ನಾನು ವೃತ್ತಿಯಿಂದ ಬ್ಯಾಟರಿ ಕೆಲಸದವನು, ಕಡಲಿಗೂ ಇಳಿಯುವವನು. ಆ ವೆಸ್ಟು ನನ್ನ ಬಳಿಯೂ ಇದೆ. ಅವರಿಗೆ ಹೇಳಿದ್ದನ್ನೇ ಇವತ್ತು ನಿಮ್ಮ ಮುಂದೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ವೆಸ್ಟು ಒಳ್ಳೆಯ ವಸ್ತು, ಬೇಕಿದ್ದರೆ ಕೊಡಿಸಿ. ಆದರೆ ಅದನ್ನು ನಂಬಿಕೊಂಡು ಮಗನನ್ನು ಕಳಿಸಬೇಡಿ.

ಹೀಗೇಕೆ ಹೇಳುತ್ತೇನೆ ಎಂಬುದು ತಿಳಿಯಬೇಕಾದರೆ ಮೊದಲು ಇಲ್ಲಿಯ ಕಡಲನ್ನು ಅರ್ಥಮಾಡಿಕೊಳ್ಳಬೇಕು.

ಆ ಹುಡುಗ ಕಲಿತ ಮೂಲ್ಕಿಯೊಡನೆ ಹೋಲಿಸಿ ನೋಡೋಣ. ಅಲ್ಲಿಯ ಮಂತ್ರ ಸರ್ಫ್ ಕ್ಲಬ್ 2004ರಲ್ಲಿ ಶುರುವಾಯಿತು. ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಸಸಿಹಿತ್ಲುವಿನ ಅಳಿವೆಯಲ್ಲಿ ಇವತ್ತು ರಾಷ್ಟ್ರಮಟ್ಟದ ಸ್ಪರ್ಧೆಗಳೇ ನಡೆಯುತ್ತವೆ. ಅಲ್ಲಿ ಒಂದು ಚಡ್ಡಿ, ಮೇಲೊಂದು ತೆಳು ಬನಿಯನು ಇದ್ದರೆ ಸಾಕು. ಅಲ್ಲಿನ ನೀರು ವರ್ಷದ ಬಹುಪಾಲು 27ರಿಂದ 30 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರುತ್ತದೆ. ಸಾಂತಾ ಕ್ರೂಜ್‌ನಲ್ಲಿ ಚಳಿಗಾಲದ ನೀರು 12 ಡಿಗ್ರಿಯ ಆಸುಪಾಸು. ಬೋರ್ಡಿನ ಮೇಲೆ ಏಳುವ ವಿದ್ಯೆ ಎರಡೂ ಕಡೆ ಒಂದೇ. ನೀರು ಮಾತ್ರ ಬೇರೆಯೇ.

ಇನ್ನೊಂದು ವಿಷಯ ನಮ್ಮವರಿಗೆ ಗೊತ್ತಿರುವುದಿಲ್ಲ. ಇಲ್ಲಿ ನೀರು ಅತಿ ತಣ್ಣಗಾಗುವುದು ಡಿಸೆಂಬರಿನಲ್ಲಲ್ಲ, ವಸಂತದಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ವಾಯವ್ಯದ ಗಾಳಿ ತೀರದ ಉದ್ದಕ್ಕೂ ಬೀಸುತ್ತದೆ. ಭೂಮಿ ತಿರುಗುತ್ತಿರುವುದರಿಂದ ಆ ಗಾಳಿ ಮೇಲಿನ ನೀರನ್ನು ದಡದಿಂದ ಆಚೆಗೆ ದೂಡುತ್ತದೆ. ಖಾಲಿಯಾದ ಜಾಗಕ್ಕೆ ಆಳದ ಕತ್ತಲೆಯಿಂದ ಮಂಜಿನಂಥ ನೀರು ಮೇಲೆದ್ದು ಬರುತ್ತದೆ. ನಮ್ಮ ಕರಾವಳಿಯಲ್ಲೂ ಇದು ಉಂಟು. ಮಳೆಗಾಲದಲ್ಲಿ ಆಳದ ನೀರು ಮೇಲೆದ್ದಾಗ ಅದರೊಡನೆ ಬರುವ ಪೋಷಕಾಂಶದಿಂದ ಬೆಳೆಯುವ ಪ್ಲವಕಗಳನ್ನು ತಿಂದೇ ಬೂತಾಯಿ, ಬಂಗುಡೆ ಕೊಬ್ಬುವುದು. ಮಾಂಟೆರೆ ಕೊಲ್ಲಿಯ ಬೂತಾಯಿ ಜಾತಿಯ ಮೀನು ಒಂದು ಕಾಲಕ್ಕೆ ದೊಡ್ಡ ದೊಡ್ಡ ಕ್ಯಾನಿಂಗ್ ಕಾರ್ಖಾನೆಗಳನ್ನೇ ಸಾಕಿತ್ತು, ಅದರ ಹಿಂದಿದ್ದದ್ದೂ ಇದೇ ತಣ್ಣೀರು. ಆದ್ದರಿಂದ ಮೇ ತಿಂಗಳ ಎಳೆ ಬಿಸಿಲು ನೋಡಿ "ಇನ್ನೇನು ಚಳಿ ಹೋಯಿತು" ಎಂದುಕೊಂಡು ಬರಿಮೈಯಲ್ಲಿ ನೀರಿಗಿಳಿಯುವುದು ಡಿಸೆಂಬರಿನಲ್ಲಿ ಇಳಿದಷ್ಟೇ ಅಪಾಯ.

ಹಾಗಿದ್ದರೆ ಚಳಿಗಾಲದಲ್ಲೇ ಯಾಕೆ ಹೋಗಬೇಕು? ಅಲೆಗಾಗಿ. ಉತ್ತರ ಶಾಂತ ಸಾಗರದ ಬಿರುಗಾಳಿಗಳು ಸಾವಿರಾರು ಕಿಲೋಮೀಟರ್ ದೂರದಿಂದ ದೊಡ್ಡ, ಸಾಲುಗಟ್ಟಿದ ಅಲೆಗಳನ್ನು ಕಳಿಸುವುದು ಈ ತಿಂಗಳುಗಳಲ್ಲೇ. ಹಾಫ್ ಮೂನ್ ಬೇಯ ಹತ್ತಿರ ಮಾವೆರಿಕ್ಸ್ ಎಂಬ ದೈತ್ಯ ಅಲೆ ಏಳುವುದೂ ಆಗಲೇ. ಜೆಫ್ ಕ್ಲಾರ್ಕ್ ಎಂಬ ಊರ ಹುಡುಗ 1975ರಲ್ಲಿ ಒಬ್ಬನೇ ಬೋರ್ಡಿನ ಮೇಲೆ ಅಲ್ಲಿಗೆ ಹೋಗಿ ಆ ಅಲೆ ಏರಿದ. 1994ರ ಡಿಸೆಂಬರ್ 23ರಂದು ಹವಾಯಿಯ ಹೆಸರಾಂತ ಸರ್ಫರ್ ಮಾರ್ಕ್ ಫೂ ಅದೇ ಅಲೆಯಲ್ಲಿ ತೀರಿಕೊಂಡರು. ಮಾವೆರಿಕ್ಸ್‌ಗೆ ನಮ್ಮ ಮಕ್ಕಳು ಹೋಗುವುದಿಲ್ಲ, ಹೋಗಬಾರದು. ಆದರೆ ಅದನ್ನು ಎಬ್ಬಿಸುವ ಅದೇ ಬಿರುಗಾಳಿಯ ಒಂದು ಪಾಲು ಕೌಲ್ಸ್ ಬೀಚಿನ ಸೌಮ್ಯ ಅಲೆಗೂ ಬರುತ್ತದೆ.

ಈ ತಣ್ಣೀರಿನೊಡನೆ ಮನುಷ್ಯ ಹೂಡಿದ ಹೋರಾಟದ ಚರಿತ್ರೆಯ ದೊಡ್ಡ ಪಾಲು ನಡೆದದ್ದು ನಾವಿರುವ ಈ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಮುತ್ತಲೇ ಎಂಬುದು ನನಗೆ ಬಹಳ ಹೆಮ್ಮೆಯ ಸಂಗತಿ. 1885ರ ಜುಲೈನಲ್ಲಿ ಹವಾಯಿಯ ಮೂವರು ರಾಜಕುಮಾರರು ಸಾಂತಾ ಕ್ರೂಜ್‌ನ ಸ್ಯಾನ್ ಲೊರೆಂಜೊ ನದಿಯ ಅಳಿವೆಯಲ್ಲಿ ಅಲೆ ಏರಿದರು. ಮೂವರೂ ಸ್ಯಾನ್ ಮಟೆಯೊದ ಶಾಲೆಯೊಂದರಲ್ಲಿ ಓದುತ್ತಿದ್ದ ಅಣ್ಣತಮ್ಮಂದಿರು. ಇಲ್ಲಿಯ ರೆಡ್‌ವುಡ್ ಮರದಿಂದಲೇ ಹಲಗೆ ಮಾಡಿಸಿಕೊಂಡಿದ್ದರು. ಅಮೆರಿಕದ ಮುಖ್ಯ ಭೂಭಾಗದ ತೀರದಲ್ಲಿ ಸರ್ಫಿಂಗ್ ನಡೆದದ್ದಕ್ಕೆ ಸಿಗುವ ಮೊದಲ ದಾಖಲೆ ಅದು. ಅವರಲ್ಲೊಬ್ಬ, ಕುಹಿಯೊ, ಮುಂದೆ ಹವಾಯಿಯ ಪ್ರತಿನಿಧಿಯಾಗಿ ಅಮೆರಿಕದ ಸಂಸತ್ತಿನಲ್ಲಿ ಕುಳಿತ. ಸ್ಟೀಮರ್ ಲೇನ್ ಎಂಬ ಹೆಸರುವಾಸಿ ಅಲೆಯ ಎದುರಿಗೇ ಇರುವ ದೀಪಸ್ತಂಭದಲ್ಲಿ 1986ರಿಂದ ಒಂದು ಪುಟ್ಟ ಸರ್ಫಿಂಗ್ ಮ್ಯೂಸಿಯಂ ಇದೆ. ಮಕ್ಕಳನ್ನು ಕರೆದುಕೊಂಡು ಹೋದಾಗ ಒಂದರ್ಧ ಗಂಟೆ ಒಳಗೆ ಹೊಕ್ಕು ಬನ್ನಿ.

ರಾಜಕುಮಾರರ ನಂತರ ಬಂದವರು ಉಣ್ಣೆಯ ಸ್ವೆಟರ್ ಹಾಕಿಕೊಂಡು ನೀರಿಗಿಳಿದರು. ಒಂದಷ್ಟು ಹೊತ್ತು ಅಲೆ ಹಿಡಿಯುವುದು, ಮೈ ಮರಗಟ್ಟಿದಾಗ ಓಡಿ ಬಂದು ದಡದಲ್ಲಿ ಹಾಕಿದ ಬೆಂಕಿಯ ಸುತ್ತ ಕೂರುವುದು. ಇದರಲ್ಲಿ ತಿಳಿವಳಿಕೆ ಇಲ್ಲದೆ ಇರಲಿಲ್ಲ. ಮಲೆನಾಡಿನಲ್ಲಿ ಕಂಬಳಿ ಕೊಪ್ಪೆ ಹೊದ್ದು ಮಳೆಯಲ್ಲಿ ಗದ್ದೆಗೆ ಇಳಿದವರಿಗೆ ಗೊತ್ತು, ಉಣ್ಣೆ ನೆನೆದರೂ ಮೈಯನ್ನು ತಕ್ಕಮಟ್ಟಿಗೆ ಬೆಚ್ಚಗಿಡುತ್ತದೆ. ಕಂಬಳಿ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ. ಅದರ ನವಿರುಗಳ ನಡುವೆ ಸಿಕ್ಕಿಕೊಂಡ ಗಾಳಿ ನಮ್ಮ ಮೈಯ ಬಿಸಿಯನ್ನು ಹೊರಗೆ ಹೋಗಲು ಬಿಡುವುದಿಲ್ಲ. ಆದರೆ ಪೂರ್ತಿ ನೀರಿನಲ್ಲಿ ಮುಳುಗಿದರೆ ಆ ಗಾಳಿಯೂ ಹೋಗುತ್ತದೆ.

ಗಾಳಿ ಹೊರಗೆ ಹೋಗದಂತೆ ಬಂಧಿಸಿಡುವ ದಾರಿ ಕಂಡುಕೊಂಡವರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್. ಯುದ್ಧಕಾಲದಲ್ಲಿ ಲಾಸ್ ಅಲಾಮೋಸ್‌ನಲ್ಲಿ ಅಣುಬಾಂಬಿನ ಯೋಜನೆಗೆ ದುಡಿದಿದ್ದವರು. 1951ರ ಹೊತ್ತಿಗೆ ನೌಕಾಪಡೆಯ ಮುಳುಗುಗಾರರ ಕಷ್ಟವನ್ನು ಯೋಚಿಸುತ್ತಾ ಅವರು ಕೇಳಿಕೊಂಡ ಪ್ರಶ್ನೆ ಇದು: ಮೈಯನ್ನು ಒಣಗಿಸಿಯೇ ಇಡಬೇಕೆಂದು ಎಲ್ಲರೂ ಯಾಕೆ ಹೆಣಗುತ್ತಿದ್ದಾರೆ? ಮೈ ಒದ್ದೆಯಾದರೆ ಆಗಲಿ. ಬಿಸಿ ಹಿಡಿದಿಡುವ ಪದರದೊಳಗೆ ಗಾಳಿಗುಳ್ಳೆಗಳು ಭದ್ರವಾಗಿದ್ದರೆ ಸಾಲದೆ? ಡ್ಯುಪಾಂಟ್ ಕಂಪನಿ 1930ರ ದಶಕದಲ್ಲಿ ಮಾರುಕಟ್ಟೆಗೆ ತಂದಿದ್ದ ಕೃತಕ ರಬ್ಬರ್ ನಿಯೋಪ್ರೀನ್. ಅದನ್ನು ನೊರೆಯಂತೆ ಉಬ್ಬಿಸಿದರೆ ಒಳಗೆ ಲಕ್ಷಾಂತರ ಮುಚ್ಚಿದ ಗುಳ್ಳೆಗಳು ನಿಲ್ಲುತ್ತವೆ. ಇವತ್ತಿನ ವೆಟ್‌ಸೂಟ್ ಹುಟ್ಟಿದ್ದು ಹೀಗೆ. ಬ್ರಾಡ್ನರ್ ಅದಕ್ಕೆ ಪೇಟೆಂಟ್ ಪಡೆಯಲಿಲ್ಲ, ಅದರಿಂದ ಹಣ ಮಾಡಲೂ ಇಲ್ಲ. 2008ರಲ್ಲಿ ತೀರಿಕೊಂಡ ಈ ಮನುಷ್ಯನ ಹೆಸರು ದಿನವೂ ಆ ಸೂಟು ತೊಡುವವರಿಗೂ ಗೊತ್ತಿರುವುದಿಲ್ಲ. ಗೊತ್ತಿರಬೇಕು ಎಂಬುದು ನನ್ನ ಆಸೆ.

ಅದನ್ನು ಸರ್ಫರ್‌ಗಳ ಮೈಮೇಲೆ ತಂದವರಲ್ಲಿ ದೊಡ್ಡ ಹೆಸರು ಜ್ಯಾಕ್ ಓನೀಲ್. 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕಡಲ ರಸ್ತೆಯ ಪಕ್ಕದ ಒಂದು ಗ್ಯಾರೇಜಿನಲ್ಲಿ ಅಂಗಡಿ ತೆರೆದರು. ಮೊದಮೊದಲು ಅವರು ಹೊಲಿದದ್ದು ಪೂರ್ತಿ ಸೂಟನ್ನಲ್ಲ, ಬರೀ ವೆಸ್ಟು. ಎದೆ ಬೆನ್ನು ಬೆಚ್ಚಗಿದ್ದರೆ ಉಳಿದದ್ದು ತಡೆದುಕೊಳ್ಳುತ್ತದೆ ಎಂಬ ಲೆಕ್ಕ. 1959ರಲ್ಲಿ ಸಾಂತಾ ಕ್ರೂಜ್‌ಗೆ ಬಂದರು. ಸೂಟಿನ ಮೇಲೆ ಜನಕ್ಕೆ ನಂಬಿಕೆ ಬರಲೆಂದು ವಸ್ತುಪ್ರದರ್ಶನಗಳಲ್ಲಿ ತಮ್ಮ ಮಕ್ಕಳಿಗೇ ಸೂಟು ತೊಡಿಸಿ ಮಂಜುಗಡ್ಡೆಯ ತೊಟ್ಟಿಯಲ್ಲಿ ಕೂರಿಸುತ್ತಿದ್ದರಂತೆ. 2017ರಲ್ಲಿ, 94ನೆಯ ವಯಸ್ಸಿನಲ್ಲಿ, ಪ್ಲೆಷರ್ ಪಾಯಿಂಟ್‌ನ ಅಲೆಗಳಿಗೆ ಮುಖ ಮಾಡಿದ ತಮ್ಮ ಮನೆಯಲ್ಲೇ ಕಣ್ಣುಮುಚ್ಚಿದರು.

ಇನ್ನು ವಿದ್ಯುತ್ತಿನ ಬಿಸಿಯ ವಿಷಯ. ಅದೂ ಹೊಸದಲ್ಲ. ಎರಡನೆಯ ಮಹಾಯುದ್ಧದಲ್ಲಿ ಎತ್ತರದಲ್ಲಿ ಹಾರುವ ಬಾಂಬರ್ ವಿಮಾನಗಳ ಸಿಬ್ಬಂದಿ ಒಳಗೆ ತಂತಿ ಹೊಲಿದ ಉಡುಪು ತೊಟ್ಟು, ವಿಮಾನದ ವಿದ್ಯುತ್ತಿಗೆ ಪ್ಲಗ್ ಚುಚ್ಚಿಕೊಂಡು ಕೂರುತ್ತಿದ್ದರು. ಸರ್ಫರ್ ಯಾವ ಪ್ಲಗ್ಗಿಗೂ ಚುಚ್ಚಿಕೊಳ್ಳಲಾರ. ಅವನು ವಿದ್ಯುತ್ತನ್ನು ಜೊತೆಗೇ ಒಯ್ಯಬೇಕು, ಅದೂ ಉಪ್ಪುನೀರಿನೊಳಗೆ. ಅದಕ್ಕೆ ಹಗುರವಾದ ಬ್ಯಾಟರಿ ಬರುವ ತನಕ ಕಾಯಬೇಕಾಯಿತು. ಸೋನಿ ಕಂಪನಿ 1991ರಲ್ಲಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಅದರ ಹಿಂದಿನ ವಿಜ್ಞಾನಕ್ಕೆ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಅವರಿಗೆ 2019ರಲ್ಲಿ ನೊಬೆಲ್ ಬಂತು. ಹದಿನೆಂಟು ಮಿಲಿಮೀಟರ್ ದಪ್ಪ, ಅರವತ್ತೈದು ಮಿಲಿಮೀಟರ್ ಉದ್ದದ ಒಂದು ಸಿಲಿಂಡರ್ ಸೆಲ್ ಇದೆ. ಹಿಂದಿನ ಲ್ಯಾಪ್‌ಟಾಪುಗಳಲ್ಲಿ ಇರುತ್ತಿದ್ದದ್ದು ಅದೇ. ನಮ್ಮ ಸ್ಯಾನ್ ಕಾರ್ಲೊಸ್‌ನಲ್ಲಿದ್ದ ಟೆಸ್ಲಾ 2008ರ ತನ್ನ ಮೊದಲ ಕಾರಿನಲ್ಲಿ ಅಂಥ 6,831 ಸೆಲ್ಲುಗಳನ್ನು ಜೋಡಿಸಿತ್ತು. ಆಸ್ಟ್ರೇಲಿಯಾದ ರಿಪ್ ಕರ್ಲ್ ಕಂಪನಿ ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಬ್ಯಾಟರಿಯಿಂದ ಬಿಸಿಯಾಗುವ ವೆಟ್‌ಸೂಟ್ ತಂದಿತು. ಈಗ ಸೂಟಿನೊಳಗೆ ತೊಡುವ ವೆಸ್ಟುಗಳು ಬೇರೆ ಬೇರೆ ಕಂಪನಿಗಳಿಂದ ಸಿಗುತ್ತವೆ.

ನನ್ನ ವೆಸ್ಟನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ನೋಡಲು ತೋಳಿಲ್ಲದ ಕಪ್ಪು ಬನಿಯನು, ಮೈಗೆ ಅಂಟಿ ಕೂರುವ ತೆಳು ಬಟ್ಟೆ. ಬೆನ್ನಿನ ಮೇಲ್ಭಾಗಕ್ಕೆ ಒಂದು, ಸೊಂಟದ ಹತ್ತಿರ ಒಂದು, ಅಂಗೈ ಅಗಲದ ಕಾರ್ಬನ್ ನಾರಿನ ಪಟ್ಟಿ ಒಳಗೆ ಹೊಲಿದಿದೆ. ಕೈಯಿಂದ ತಡವಿದರೆ ಅದರ ಅಂಚು ಸಿಗುತ್ತದೆ. ನಡುವಿನಲ್ಲಿ ಒಂದು ಜೇಬು, ಅದರಲ್ಲಿ ಅಂಥ ಎರಡು ಸೆಲ್ಲಿನ ಬ್ಯಾಟರಿ ಡಬ್ಬಿ. ಅದರ ತಂತಿಯ ತುದಿಯಲ್ಲಿ ರಬ್ಬರ್ ಬಳೆ ಇರುವ ಪ್ಲಗ್ಗು. ಆ ಬಳೆಯ ಮೇಲೆ ಒಂದು ಮರಳ ಕಣ ಕೂತರೂ ನೀರು ನುಗ್ಗುತ್ತದೆ. ಅದಕ್ಕೇ ಕಾರ್ ಪಾರ್ಕಿನ ಗಾಳಿಯಲ್ಲಿ ಜೋಡಿಸದೆ ಮನೆಯಲ್ಲೇ, ಒಣಗಿದ ಕೈಯಲ್ಲಿ, ಬಳೆಯನ್ನು ಒರೆಸಿ ಜೋಡಿಸಿಕೊಂಡು ಹೊರಡುತ್ತೇನೆ. ಗುಂಡಿ ಒತ್ತಿದರೆ ಕೆಂಪು ದೀಪ, ಮತ್ತೆ ಒತ್ತಿದರೆ ಬಿಸಿ ಕಡಿಮೆಯಾಗಿ ಹಸಿರು ದೀಪ. ಒಂದೆರಡು ನಿಮಿಷದಲ್ಲಿ ಬೆನ್ನಿಗೆ ಯಾರೋ ಅಂಗೈ ಇಟ್ಟಂತಾಗುತ್ತದೆ. ಆ ಸುಖ ನಿಜವಾದದ್ದು. ನಾನದನ್ನು ಕಡಿಮೆ ಮಾಡಿ ಹೇಳುವುದಿಲ್ಲ.

ಆದರೆ ಲೆಕ್ಕ ಮಾಡಿ ನೋಡೋಣ. ಪೆನ್ನು ಬೇಕಿಲ್ಲ. ಒಂದು ಸೆಲ್ಲಿನ ಶಕ್ತಿ ಸುಮಾರು 11 ವ್ಯಾಟ್ ಅವರ್. ಎರಡಕ್ಕೆ 22. ವೆಸ್ಟು ಹತ್ತು ವ್ಯಾಟಿನಲ್ಲಿ ಉರಿದರೆ ಎರಡು ಗಂಟೆ ಬರುತ್ತದೆ. ಈಗ ಮೈಯ ಕಡೆ ನೋಡಿ. ಸುಮ್ಮನೆ ಕೂತ ಮನುಷ್ಯನ ದೇಹವೇ ಸುಮಾರು 100 ವ್ಯಾಟ್ ಬಿಸಿ ಹುಟ್ಟಿಸುತ್ತದೆ. ಬೋರ್ಡಿನ ಮೇಲೆ ಮಲಗಿ ಜೋರಾಗಿ ಕೈ ಬೀಸುವಾಗ ಅದರ ನಾಲ್ಕೈದು ಪಟ್ಟು. ಎಪ್ಪತ್ತು ಕಿಲೋ ತೂಕದ ದೇಹವನ್ನು ಒಂದು ಡಿಗ್ರಿ ಬೆಚ್ಚಗೆ ಮಾಡಲು ಸುಮಾರು 245 ಕಿಲೋಜೂಲ್ ಬೇಕು. ಬ್ಯಾಟರಿ ಪೂರ್ತಿ ಖಾಲಿಯಾಗುವ ತನಕ ಕೊಡುವುದು ಹೆಚ್ಚೆಂದರೆ 80. ಅಂದರೆ ಒಂದು ಹನಿ ಬಿಸಿಯೂ ನೀರಿಗೆ ಸೋರದೆ ಎಲ್ಲವೂ ಮೈಗೇ ಸೇರಿದರೂ ಒಂದು ಡಿಗ್ರಿಯ ಮೂರನೆಯ ಒಂದು ಭಾಗ. ಸೂಟಿನ ದಪ್ಪವನ್ನು ಒಂದು ಮಿಲಿಮೀಟರ್ ಹೆಚ್ಚಿಸಿದರೆ ಆಗುವ ಉಳಿತಾಯ ಇದಕ್ಕಿಂತ ಎಷ್ಟೋ ದೊಡ್ಡದು. ಬೆವರು ಹರಿಸಿ ಬ್ಯಾಟರಿ ಮಾಡುವ ನನ್ನಂಥವನಿಗೂ ಈ ಲೆಕ್ಕವನ್ನು ಒಪ್ಪದೆ ಬೇರೆ ದಾರಿಯಿಲ್ಲ. ಮೈಯನ್ನು ಕಾಯುವುದು ಬ್ರಾಡ್ನರ್ ಅವರ ಗಾಳಿಗುಳ್ಳೆ. ವೆಸ್ಟು ಅದರ ಕೈಯಾಳು.

ಹಾಗಾದರೆ ಹತ್ತು ವ್ಯಾಟಿಗೆ ಅಷ್ಟೊಂದು ಸುಖವೇಕೆ? ಬಿಸಿ ತಣ್ಣಗೆ ಎಂದು ಮಿದುಳಿಗೆ ಹೇಳುವುದು ಬಹುಮಟ್ಟಿಗೆ ಚರ್ಮ. ಬೆನ್ನಿನ ಚರ್ಮ ಬೆಚ್ಚಗಿದ್ದರೆ ಒಳಗಿನ ಸ್ಥಿತಿ ಹೇಗೇ ಇರಲಿ, ಮನಸ್ಸು ನೆಮ್ಮದಿಯಾಗಿರುತ್ತದೆ. ನನಗೆ ಹೆದರಿಕೆ ಇರುವುದೂ ಇಲ್ಲೇ. ನೆಮ್ಮದಿಯಲ್ಲಿ ಇನ್ನೊಂದು ಅಲೆ, ಇನ್ನೊಂದು ಅಲೆ ಎಂದು ಕೂತುಬಿಡುತ್ತೇವೆ. ಅಷ್ಟರಲ್ಲಿ ಕೈಕಾಲುಗಳು ತಮ್ಮ ಬಿಸಿಯನ್ನು ಕಳೆದುಕೊಳ್ಳುತ್ತಲೇ ಇರುತ್ತವೆ. ಬೆನ್ನಿಗೆ ಬಿಸಿ ಕೊಟ್ಟರೆ ಬೆರಳೂ ಬೆಚ್ಚಗಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ಇದರಲ್ಲಿ ಸತ್ಯವಿದೆ. ಕೆನಡಾದ ರಕ್ಷಣಾ ಸಂಶೋಧಕರು ಶೂನ್ಯಕ್ಕಿಂತ 25 ಡಿಗ್ರಿ ಕೆಳಗಿನ ಚಳಿಯಲ್ಲಿ ಮುಂಡವನ್ನು ವಿದ್ಯುತ್ ಉಡುಪಿನಿಂದ ಚೆನ್ನಾಗಿ ಕಾಯಿಸಿ, ಬರಿಗೈ ಬೆರಳಿಗೂ ರಕ್ತ ಹರಿಯುತ್ತದೆಂದು ತೋರಿಸಿದ್ದಾರೆ. ಆದರೆ ಅದು ಗಾಳಿಯಲ್ಲಿ. ಅಲ್ಲಿ ಕೊಟ್ಟ ಬಿಸಿಯೂ ನಮ್ಮ ವೆಸ್ಟಿನ ಹತ್ತು ವ್ಯಾಟಿಗಿಂತ ಬಹಳ ಹೆಚ್ಚು. ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ಸುಲಭವಾಗಿ ಬಿಸಿಯನ್ನು ಸಾಗಿಸುತ್ತದೆ.

ತಣ್ಣೀರು ಮೈಗೆ ಏನು ಮಾಡುತ್ತದೆಂಬುದನ್ನು ಮನೆಯಲ್ಲಿ ಎಲ್ಲರೂ ಒಮ್ಮೆ ಕೂತು ಮಾತಾಡಿಕೊಳ್ಳಬೇಕು. ಮ್ಯಾನಿಟೋಬ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಈ ವಿಷಯದ ದೊಡ್ಡ ತಜ್ಞರು. ಎಷ್ಟೋ ಸಲ ತಾವೇ ಮಂಜುನೀರಿಗೆ ಇಳಿದು ಪ್ರಯೋಗ ಮಾಡಿದವರು. ಅವರು ಹೇಳುವ ಸೂತ್ರ ಒಂದು, ಹತ್ತು, ಒಂದು. ರಕ್ಷಣೆಯಿಲ್ಲದೆ ಮಂಜಿನಂಥ ನೀರಿಗೆ ಬಿದ್ದವರಿಗೆ ಉಸಿರನ್ನು ಹತೋಟಿಗೆ ತಂದುಕೊಳ್ಳಲು ಒಂದು ನಿಮಿಷ. ಕೈಕಾಲು ಹೇಳಿದಂತೆ ಕೇಳುವುದು ಹತ್ತು ನಿಮಿಷ. ಚಳಿಯಿಂದ ಪ್ರಜ್ಞೆ ತಪ್ಪಲು ಒಂದು ಗಂಟೆ. ಸಾಂತಾ ಕ್ರೂಜ್‌ನ ನೀರು ಅಷ್ಟು ತಣ್ಣಗಿಲ್ಲ, ಸೂಟೂ ಇರುತ್ತದೆ, ಆದ್ದರಿಂದ ಸಮಯ ಹಿಗ್ಗುತ್ತದೆ. ಕ್ರಮ ಮಾತ್ರ ಅದೇ. ಮೊದಲು ಉಸಿರು, ಆಮೇಲೆ ಕೈ, ಕೊನೆಗೆ ಪ್ರಜ್ಞೆ. ಚಳಿಗೆ ಸಿಕ್ಕವರು ಎಷ್ಟೋ ಸಲ ಮುಳುಗುವುದು ಮೈ ಪೂರ್ತಿ ತಣ್ಣಗಾಗಿ ಅಲ್ಲ, ಅದಕ್ಕೂ ಮುಂಚೆ ಕೈ ಸೋತು ಈಜಲಾರದೆ.

ಸರ್ಫಿಂಗ್ ಎಂದರೆ ಸದಾ ಓಡಾಟ ಎಂದು ದಡದಲ್ಲಿ ನಿಂತವರಿಗೆ ಅನ್ನಿಸುತ್ತದೆ. ಅಲೆಯ ಮೇಲೆ ನಿಂತಿರುವ ಹೊತ್ತು ನೀರಿನಲ್ಲಿ ಕಳೆದ ಸಮಯದ ಹತ್ತರಲ್ಲಿ ಒಂದು ಪಾಲೂ ಆಗುವುದಿಲ್ಲ. ಉಳಿದದ್ದರಲ್ಲಿ ಬಹಳ ಹೊತ್ತು ಬೋರ್ಡಿನ ಮೇಲೆ ಕೂತು, ಕಾಲನ್ನು ನೀರಿಗೆ ಇಳಿಬಿಟ್ಟು, ಗಾಳಿಗೆ ಬೆನ್ನು ಒಡ್ಡಿ ಕಾಯುವುದೇ. ವೆಸ್ಟು ನಿಜವಾಗಿ ಕೆಲಸಕ್ಕೆ ಬರುವುದು ಈ ಕಾಯುವ ಹೊತ್ತಿನಲ್ಲಿ. ತೆಳ್ಳಗಿನ ಮೈಯವರು, ಐವತ್ತು ದಾಟಿದವರು, ಸ್ವಲ್ಪ ಚಳಿಗೇ ಬೆರಳು ಬೆಳ್ಳಗಾಗುವವರು, ಇವರಿಗೆಲ್ಲ ಅದು ಆ ಕಾಯುವಿಕೆಯನ್ನು ಸ್ವಲ್ಪ ಹಿತವಾಗಿಸಬಲ್ಲದು. ಅದಕ್ಕೇ ನಾನು ಇದನ್ನು ಜೋರಾಗಿ ಉರಿಸದೆ, ಕೈ ಬೀಸುವಾಗ ಆರಿಸಿ, ಕಾಯುವಾಗ ಹೊತ್ತಿಸಿ ಬಳಸುತ್ತೇನೆ.

ಇನ್ನೊಂದು ಉಪಯೋಗ ನೀರಿನಿಂದ ಮೇಲೆ ಬಂದ ಮೇಲೆ. ದಡಕ್ಕೆ ಬಂದ ಕೂಡಲೇ ಮೈ ಬಿಸಿಯಾಗುತ್ತದೆ ಎಂದುಕೊಳ್ಳಬೇಡಿ. ಒಳಮೈ ಇನ್ನೂ ಕೆಲವು ನಿಮಿಷ ತಣ್ಣಗಾಗುತ್ತಲೇ ಹೋಗುತ್ತದೆ. ಕಾರ್ ಪಾರ್ಕಿನಲ್ಲಿ ಒದ್ದೆ ಸೂಟು ಬಿಚ್ಚಿ ಗಾಳಿಗೆ ನಿಂತವರ ಹಲ್ಲು ಕಟಕಟ ಎನ್ನುವುದಕ್ಕೆ ಅದೂ ಒಂದು ಕಾರಣ. ಮಾರುಕಟ್ಟೆಯಲ್ಲಿ ಸಿಗುವ, ನೀರಿಗಿಳಿಯದ ಸಾಧಾರಣ ಬ್ಯಾಟರಿ ಜಾಕೆಟ್ ಇಲ್ಲಿ ಬಹಳ ಒಳ್ಳೆಯದು. ಒಣ ಬಟ್ಟೆಯ ಮೇಲೆ ಹಾಕಿಕೊಂಡರೆ ಅದರ ಬಿಸಿ ನೀರಿಗೆ ಸೋರುವುದಿಲ್ಲ, ಹೆಚ್ಚಿನ ಪಾಲು ನಿಮ್ಮದೇ. ಜೊತೆಗೆ ಒಂದು ಫ್ಲಾಸ್ಕು ಕೊತ್ತಂಬರಿ ಜೀರಿಗೆ ಕಷಾಯ ಇರಲಿ. ಇನ್ನೊಂದು ಫ್ಲಾಸ್ಕಿನಲ್ಲಿ ಬರೀ ಉಗುರುಬೆಚ್ಚನೆಯ ನೀರು ಇರಲಿ, ಕೈಮೇಲೆ ಹೊಯ್ದುಕೊಳ್ಳಲು.

ಬ್ಯಾಟರಿಯವನಾಗಿ ಕೆಲವು ಎಚ್ಚರಿಕೆ ಹೇಳಲೇಬೇಕು. ಚರ್ಮಕ್ಕೆ 44 ಡಿಗ್ರಿಯ ಬಿಸಿ ಗಂಟೆಗಟ್ಟಲೆ ತಾಗಿದರೆ ಸುಡುವುದುಂಟು, ನೋವೇ ಗೊತ್ತಾಗದೆ. ಸಕ್ಕರೆ ಕಾಯಿಲೆ ನಮ್ಮ ಮನೆಮನೆಯಲ್ಲಿದೆ. ಅದರಿಂದ ಚರ್ಮದ ಸ್ಪರ್ಶ ಮಂದವಾದವರು ಬಿಸಿ ಪಟ್ಟಿಯನ್ನು ನೇರವಾಗಿ ಮೈಗೆ ತಾಗಿಸಬೇಡಿ, ನಡುವೆ ಒಂದು ಬಟ್ಟೆ ಇರಲಿ. ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಮಾತ್ರ ಚಾರ್ಜಿಗೆ ಹಾಕಿ. ಉಪ್ಪು ಕೂತ ಪ್ಲಗ್ಗಿನಲ್ಲಿ ವಿದ್ಯುತ್ತು ಅಡ್ಡದಾರಿ ಹಿಡಿಯುತ್ತದೆ. ಊದಿಕೊಂಡ ಬ್ಯಾಟರಿಯನ್ನು ಮತ್ತೆ ಮೈಗೆ ಕಟ್ಟಿಕೊಳ್ಳಬಾರದು, ಕಸದ ತೊಟ್ಟಿಗೂ ಹಾಕಬಾರದು. ಕ್ಯಾಲಿಫೋರ್ನಿಯಾದಲ್ಲಿ ಬ್ಯಾಟರಿಯನ್ನು ಕಸಕ್ಕೆ ಎಸೆಯುವುದು ಕಾನೂನಿಗೂ ವಿರುದ್ಧ. ಊರಿಗೆ ಹೋಗುವಾಗ ಬಿಡಿ ಬ್ಯಾಟರಿಯನ್ನು ವಿಮಾನದ ಕೈಚೀಲದಲ್ಲೇ ಇಟ್ಟುಕೊಳ್ಳಿ. ಚೆಕ್ ಇನ್ ಮಾಡುವ ಪೆಟ್ಟಿಗೆಗೆ ಹಾಕುವಂತಿಲ್ಲ.

ಈಗ ಆ ತಾಯಿಗೆ ನಾನು ಹೇಳಿದ ಖರೀದಿಯ ಕ್ರಮ. ಮೊದಲು ಅಳತೆಗೆ ಸರಿಯಾದ ವೆಟ್‌ಸೂಟ್. ಇಲ್ಲಿಯ ಚಳಿಗಾಲಕ್ಕೆ ಮುಂಡದ ಭಾಗ ಕನಿಷ್ಠ ನಾಲ್ಕು ಮಿಲಿಮೀಟರ್, ಚಳಿ ತಡೆಯದವರಿಗೆ ಐದು. ಮಗ ಬೆಳೆಯುತ್ತಾನೆ ಎಂದು ಶಾಲೆಯ ಯೂನಿಫಾರ್ಮಿನಂತೆ ಒಂದು ಅಳತೆ ದೊಡ್ಡದು ತೆಗೆಯಬೇಡಿ. ಸೊಂಟ, ಕಂಕುಳ, ಕುತ್ತಿಗೆ ಎಲ್ಲಿ ಸಡಿಲ ಉಳಿದರೂ ಪ್ರತಿ ಅಲೆಗೂ ಬಿಸಿಯಾದ ನೀರು ಹೊರಗೆ ಹೋಗಿ ತಣ್ಣೀರು ಒಳಗೆ ಬರುತ್ತದೆ. ಹೊಸದು ದುಬಾರಿ ಎನಿಸಿದರೆ ಸಾಂತಾ ಕ್ರೂಜ್‌ನ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುತ್ತದೆ. ಪೆಟ್ರೋಲಿಯಂನಂಥ ಮೂಲದಿಂದ ಬರುವ ನಿಯೋಪ್ರೀನ್ ಬೇಡವೆನ್ನುವವರಿಗೆ ಮರದ ರಬ್ಬರಿನ ಸೂಟುಗಳೂ ಬಂದಿವೆ. ಪೆಟಗೋನಿಯ ಕಂಪನಿ 2016ರಿಂದ ಅದನ್ನೇ ಮಾಡುತ್ತಿದೆ. ಸುಳ್ಯ, ಪುತ್ತೂರಿನ ರಬ್ಬರ್ ತೋಟ ಕಂಡು ಬೆಳೆದವನಾಗಿ ನನಗೆ ಇದು ಬಹಳ ಹಿಡಿಸಿದೆ. ಎರಡನೆಯದು ಕಾಲಿಗೆ ಬೂಟು, ತಲೆಗೆ ಹುಡ್. ತಣ್ಣೀರು ವರ್ಷಗಟ್ಟಲೆ ಕಿವಿಗೆ ಹೊಕ್ಕರೆ ಕಿವಿಯ ದಾರಿಯಲ್ಲಿ ಎಲುಬು ಬೆಳೆದು ಅದನ್ನು ಮುಚ್ಚುತ್ತಾ ಬರುತ್ತದೆ. ಉತ್ತರ ಕ್ಯಾಲಿಫೋರ್ನಿಯಾದ ಎಷ್ಟೋ ಹಳೆಯ ಸರ್ಫರ್‌ಗಳು ಅದಕ್ಕೆ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಯಾವ ಬ್ಯಾಟರಿಯೂ ಕಿವಿಯನ್ನು ಕಾಯುವುದಿಲ್ಲ. ಹುಡ್ ಮತ್ತು ಕಿವಿಯ ಬಿರಡೆ ಕಾಯುತ್ತವೆ. ಇವೆಲ್ಲ ಆದ ಮೇಲೆ ದುಡ್ಡು ಉಳಿದರೆ ವೆಸ್ಟು.

ಮಕ್ಕಳಿಗೆ ಒಂದು ಪರೀಕ್ಷೆ ಕಲಿಸಿಕೊಡಿ. ನೀರಿನಲ್ಲಿದ್ದಾಗ ಆಗಾಗ ಹೆಬ್ಬೆರಳನ್ನು ಕಿರುಬೆರಳಿನ ತುದಿಗೆ ಮುಟ್ಟಿಸಿ ನೋಡಬೇಕು. ಮುಟ್ಟಲಾಗದಿದ್ದರೆ ಅದೇ ಕೊನೆಯ ಅಲೆ, ಬೆನ್ನು ಎಷ್ಟೇ ಬೆಚ್ಚಗಿರಲಿ, ದಡಕ್ಕೆ ಬರಬೇಕು. ಜೊತೆಯವನ ಮಾತು ತೊದಲಿದರೆ, ಕಾರಣವಿಲ್ಲದೆ ಸಿಡುಕಿದರೆ, ನಡೆಯುವಾಗ ಎಡವಿದರೆ ಅದೂ ಚಳಿಯೇ. ಅವನು "ನನಗೇನೂ ಆಗಿಲ್ಲ" ಎಂದರೂ ಕೇಳಬೇಡಿ, ಕರೆತನ್ನಿ. ಒಬ್ಬರೇ ಇಳಿಯುವುದಂತೂ ಬೇಡವೇ ಬೇಡ.

ಅಪ್ಪ ಅಮ್ಮಂದಿರಲ್ಲಿ ನನ್ನದೊಂದು ಕೋರಿಕೆ. ಮಕ್ಕಳು ನೀರಿನಲ್ಲಿರುವಾಗ ನೀವು ದಡದಲ್ಲಿ ಕಡಲಿಗೆ ಬೆನ್ನು ಹಾಕಿ ಫೋಟೊ ತೆಗೆದುಕೊಳ್ಳುತ್ತಾ ನಿಲ್ಲಬೇಡಿ. ಚಳಿಗಾಲದಲ್ಲಿ ಈ ತೀರಕ್ಕೆ ಹತ್ತಿಪ್ಪತ್ತು ನಿಮಿಷ ಸುಮ್ಮನಿದ್ದು ಇದ್ದಕ್ಕಿದ್ದಂತೆ ಮೇಲಿನ ತನಕ ನುಗ್ಗುವ ದೊಡ್ಡ ತೆರೆ ಬರುತ್ತದೆ. ಪ್ಯಾಂಟು, ಸ್ವೆಟರು ಹಾಕಿ ದಡದಲ್ಲಿ ಅಡ್ಡಾಡುತ್ತಿದ್ದವರೇ ಅದಕ್ಕೆ ಸಿಕ್ಕಿ ಹೋದದ್ದುಂಟು. ಹೊರಡುವ ಮುನ್ನ ಹವಾಮಾನ ಇಲಾಖೆಯ ಕಡಲ ಎಚ್ಚರಿಕೆಯನ್ನೂ, ಮಾಂಟೆರೆ ಕೊಲ್ಲಿಯ ಹೊರಗಿನ ತೇಲುಬುರುಡೆ 46042 ಕೊಡುವ ಅಲೆಯ ಎತ್ತರ, ನೀರಿನ ಬಿಸಿ ಎರಡನ್ನೂ ನೋಡಿಕೊಳ್ಳಿ. ಎಚ್ಚರಿಕೆ ಇದ್ದ ದಿನ ಹೋಗಬೇಡಿ. ಮಕ್ಕಳು ಮುನಿಸಿಕೊಂಡರೂ ಪರವಾಗಿಲ್ಲ, ಮುಂದಿನ ಶನಿವಾರವೂ ಅಲೆ ಬರುತ್ತದೆ.